ಎಲ್‌ಎಲ್‌ಆರ್ ಅವಧಿಯಲ್ಲೇ ಸ್ಪೀಡ್ ಕ್ಯಾಮೆರಾಕ್ಕೆ ಸಿಕ್ಕರೆ ಡಿಎಲ್‌ಗೆ ತೊಂದರೆಯಾಗುತ್ತದೆಯೇ?

ನೀವು ಅಂಕೋಲೆಯವರು, ವಯಸ್ಸು 19, ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಕೈಗೆ ಬಂದು ಎರಡು ತಿಂಗಳಾಗಿದೆ ಎಂದು ಬರೆದಿದ್ದೀರಿ. ತಂದೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕುಮಟೆಯವರೆಗೆ ಕಾರು ಓಡಿಸಿದ ವಾರದೊಳಗೆ ಅವರ ಮೊಬೈಲಿಗೆ ಅತಿವೇಗದ ಇ-ಚಲನ್ ಬಂದಿದೆ. ಎಲ್‌ಎಲ್‌ಆರ್ ರದ್ದಾಗುತ್ತದೆಯೇ, ಮುಂದಿನ ತಿಂಗಳ ಡ್ರೈವಿಂಗ್ ಟೆಸ್ಟಿಗೆ ಅಡ್ಡಿಯಾಗುತ್ತದೆಯೇ, ಕಾರು ಓಡಿಸಿದ್ದು ತಾನೇ ಎಂದು ತಂದೆಯವರು ಹೇಳಿಬಿಟ್ಟರೆ ವಿಷಯ ಅಲ್ಲಿಗೇ ಮುಗಿಯುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ಇದೊಂದೇ ಚಲನ್‌ನಿಂದ ಎಲ್‌ಎಲ್‌ಆರ್ ರದ್ದಾಗುವುದಿಲ್ಲ, ಟೆಸ್ಟಿಗೂ ಅಡ್ಡಿ ಬರುವುದಿಲ್ಲ. ಮೂರನೆಯ ದಾರಿಯನ್ನು ಮಾತ್ರ ದಯವಿಟ್ಟು ಹಿಡಿಯಬೇಡಿ. ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

ನಾನು ಕುಮಟೆಯವನು. ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಮಗನಿಗೆ ನಾನೇ ಕಾರು ಕಲಿಸಿದೆ. ಒಂದು ಭಾನುವಾರ ಅವನನ್ನು ಶಿರಸಿಯಿಂದ ಕರೆತರುವಾಗ ದೇವಿಮನೆ ಘಟ್ಟವನ್ನು ನಾನೇ ಇಳಿಸಿ, ಊರು ದಾಟಿ ಹೊನ್ನಾವರದ ಕಡೆಗೆ ಹೆದ್ದಾರಿ ಹಿಡಿದ ಮೇಲೆ ಸ್ಟೇರಿಂಗನ್ನು ಅವನ ಕೈಗೆ ಕೊಟ್ಟೆ. ಧಾರೇಶ್ವರದ ಹತ್ತಿರ ರಸ್ತೆ ಬದಿಯಲ್ಲಿ ನಿಂತಿದ್ದ ಪೊಲೀಸ್ ವಾಹನದ ಸ್ಪೀಡ್ ಗನ್ನಿಗೆ ನಮ್ಮ ಕಾರು ಸಿಕ್ಕಿತು. ಕಾರು ನನ್ನ ಹೆಸರಿನಲ್ಲಿದ್ದುದರಿಂದ ಚಲನ್ ನನ್ನ ಫೋನಿಗೆ ಬಂತು. ಅದನ್ನು ನೋಡಿ ಅವನು ಕೇಳಿದ ಮೊದಲ ಮಾತು, "ಮಾವ, ನಾನು ಅಷ್ಟು ಜೋರಾಗಿ ಹೋಗ್ತಾ ಇದ್ನಾ? ಗೊತ್ತೇ ಆಗ್ಲಿಲ್ಲ" ಎಂಬುದು. ಅವನು ಸುಳ್ಳು ಹೇಳುತ್ತಿರಲಿಲ್ಲ. ನನಗೂ ಗೊತ್ತಾಗಿರಲಿಲ್ಲ, ಮತ್ತು ಗೊತ್ತಾಗಬೇಕಾಗಿದ್ದದ್ದು ನನಗೆ.

ದಂಡದ ವಿಷಯವನ್ನು ಬೇಗ ಮುಗಿಸುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 183ನೆಯ ಕಲಂ ಅತಿವೇಗಕ್ಕೆ ಸಂಬಂಧಿಸಿದ್ದು. 2019ರ ತಿದ್ದುಪಡಿಯ ನಂತರ ಕಾರಿನಂತಹ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿವರೆಗೆ ದಂಡವಿದೆ. ಕಲಿಯುವವರಿಗೆ ಪ್ರತ್ಯೇಕ ದರವಿಲ್ಲ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ತಪ್ಪಿಗಿಷ್ಟು ಎಂದು ದಂಡದ ಅಂಕಗಳು ಸೇರಿ ಲೈಸೆನ್ಸ್ ಹೋಗುತ್ತದೆ ಎಂದು ಎಲ್ಲೋ ಓದಿದ್ದಾಗಿಯೂ ಬರೆದಿದ್ದೀರಿ, ಅದು ಬಹುಶಃ ಬ್ರಿಟನ್ನಿನ ನಿಯಮ. ಅಲ್ಲಿ ಕಲಿಯುವವರು ಅತಿವೇಗಕ್ಕೆ ಸಿಕ್ಕರೂ ಕನಿಷ್ಠ 3 ಅಂಕ ಬೀಳುತ್ತದೆ, ಟೆಸ್ಟ್ ಪಾಸಾದ ಎರಡು ವರ್ಷಗಳೊಳಗೆ 6 ಅಂಕ ತುಂಬಿದರೆ 1995ರ ಅವರ ಕಾನೂನಿನ ಪ್ರಕಾರ ಲೈಸೆನ್ಸ್ ಹೋಗಿ ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಅದನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯ ಚಲನ್‌ಗೆ ಹೋಲಿಸಿಕೊಂಡು ನಿದ್ದೆಗೆಡಬೇಡಿ. ನಮ್ಮ ಕಾಯ್ದೆಯ 20ನೆಯ ಕಲಮಿನಲ್ಲಿ ನ್ಯಾಯಾಲಯವು ಚಾಲಕರನ್ನು ಅನರ್ಹಗೊಳಿಸುವ ಅಧಿಕಾರವಿದೆ. ಆದರೆ 183ರ ಅಪರಾಧವಾದರೆ ಮೊದಲ ಮತ್ತು ಎರಡನೆಯ ಸಲಕ್ಕೆ ಅಂಥ ಆದೇಶ ಮಾಡುವಂತಿಲ್ಲ ಎಂದು ಅದೇ ಕಲಮು ಹೇಳುತ್ತದೆ.

ನಿಜವಾಗಿ ಯೋಚಿಸಬೇಕಾದದ್ದು ದಂಡದ ಹಿಂದೆ ಬರಬಹುದಾದ ಪ್ರಶ್ನೆಯ ಬಗ್ಗೆ. ಕ್ಯಾಮೆರಾ ಓದುವುದು ನಂಬರ್ ಪ್ಲೇಟನ್ನು. ಚಾಲಕ ಯಾರೆಂದು ಅದಕ್ಕೆ ತಿಳಿಯುವುದಿಲ್ಲವಾದ್ದರಿಂದ ನೋಟಿಸು ಆರ್‌ಸಿಯಲ್ಲಿ ಹೆಸರಿರುವ ಮಾಲೀಕರಿಗೆ ಹೋಗುತ್ತದೆ. ಅಧಿಕಾರ ಪಡೆದ ಪೊಲೀಸ್ ಅಧಿಕಾರಿ ಕೇಳಿದರೆ, ಆಗ ವಾಹನ ಓಡಿಸುತ್ತಿದ್ದವರ ಹೆಸರು, ವಿಳಾಸ ಮತ್ತು ಅವರ ಲೈಸೆನ್ಸಿನ ವಿವರ ಕೊಡುವುದು 133ನೆಯ ಕಲಂ ಪ್ರಕಾರ ಮಾಲೀಕರ ಕರ್ತವ್ಯ. ಆ ಪ್ರಶ್ನೆ ಬಂದ ಕ್ಷಣದಲ್ಲಿ ನಿಮ್ಮ ಎಲ್‌ಎಲ್‌ಆರ್‌ನ ಷರತ್ತುಗಳು ಪಾಲನೆಯಾಗಿದ್ದವೇ ಎಂಬುದು ಮುಖ್ಯವಾಗುತ್ತದೆ, ಮತ್ತು ಅತಿವೇಗದ ದಂಡ ಅದರ ಮುಂದೆ ಚಿಕ್ಕದಾಗುತ್ತದೆ.

ಈ ಷರತ್ತುಗಳು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೆಯ ನಿಯಮದಲ್ಲಿವೆ. ಎಲ್‌ಎಲ್‌ಆರ್ ಚಾಲ್ತಿಯಲ್ಲಿರಬೇಕು. ಅದು ಕೊಟ್ಟ ದಿನದಿಂದ ಆರು ತಿಂಗಳಿಗೆ ಮುಗಿಯುತ್ತದೆ, ಎಷ್ಟೋ ಜನ ದಿನಾಂಕ ನೋಡುವುದನ್ನೇ ಮರೆತಿರುತ್ತಾರೆ. ಆ ವಾಹನವನ್ನು ಓಡಿಸುವ ಚಾಲ್ತಿ ಡಿಎಲ್ ಇರುವವರೊಬ್ಬರು ಜೊತೆಗಿರಬೇಕು, ಅದೂ ವಾಹನವನ್ನು ನಿಯಂತ್ರಿಸಲು ಇಲ್ಲವೇ ನಿಲ್ಲಿಸಲು ಸಾಧ್ಯವಾಗುವ ಜಾಗದಲ್ಲಿ ಕುಳಿತಿರಬೇಕು. ಎಂದರೆ ಹ್ಯಾಂಡ್ ಬ್ರೇಕಿಗೆ ಕೈ ಎಟುಕುವ ಎಡಬದಿಯ ಸೀಟಿನಲ್ಲಿ. ಹಿಂದಿನ ಸೀಟಿನಲ್ಲಿ ಮೊಮ್ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಅಜ್ಜನ ಡಿಎಲ್ ಎಷ್ಟೇ ಹಳೆಯದಾಗಿದ್ದರೂ ಈ ಷರತ್ತನ್ನು ಪೂರೈಸುವುದಿಲ್ಲ. ಇನ್ನು ವಾಹನದ ಮುಂದೆ ಮತ್ತು ಹಿಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ಬಣ್ಣದ 'ಎಲ್' ಅಕ್ಷರವಿರಬೇಕು. ಫಲಕ ಕನಿಷ್ಠ 18 ಸೆಂ.ಮೀ. ಚೌಕ, ಅಕ್ಷರ ಕನಿಷ್ಠ 10 ಸೆಂ.ಮೀ. ಎತ್ತರ ಎಂದು ನಿಯಮ ಅಳತೆಯನ್ನೂ ಕೊಟ್ಟಿದೆ. ಹಿಂದಿನ ಗಾಜಿಗೆ ಮಾತ್ರ ಅಂಟಿಸಿ ಮುಂದೆ ಬಿಡುವುದು ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು, ಕ್ಯಾಮೆರಾ ಎದುರಿನಿಂದ ತೆಗೆದ ಚಿತ್ರದಲ್ಲಿ ಅದು ಎದ್ದು ಕಾಣುತ್ತದೆ. ಸ್ಕೂಟರ್ ಅಥವಾ ಬೈಕ್ ಕಲಿಯುವವರು ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ ಎಂಬುದನ್ನೂ ಇದೇ ನಿಯಮ ಹೇಳುತ್ತದೆ, ನಿಮ್ಮ ಸ್ನೇಹಿತೆಯರಿಗೆ ತಿಳಿಸಿ.

ಈ ಷರತ್ತುಗಳಲ್ಲಿ ಒಂದು ತಪ್ಪಿದರೂ ಎಲ್‌ಎಲ್‌ಆರ್ ಕೊಡುವ ವಿನಾಯಿತಿ ಹೋಗುತ್ತದೆ, ಆಗ ಅದು ಲೈಸೆನ್ಸ್ ಇಲ್ಲದೆ ಓಡಿಸಿದ ಪ್ರಕರಣವಾಗುತ್ತದೆ. 181ನೆಯ ಕಲಮಿನಲ್ಲಿ ಅದಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ ಅಥವಾ ಎರಡೂ ಇವೆ. ಕಾರು ಕೊಟ್ಟ ಮಾಲೀಕರಿಗೆ 180ನೆಯ ಕಲಮಿನಲ್ಲಿ ಅಷ್ಟೇ ಶಿಕ್ಷೆಯಿದೆ. ನಿಮ್ಮ ತಂದೆಯವರು ಪಕ್ಕದಲ್ಲೇ ಇದ್ದರು ಎಂದಿದ್ದೀರಿ, ಎಲ್ ಬೋರ್ಡಿನ ಬಗ್ಗೆ ಏನೂ ಹೇಳಿಲ್ಲ. ಅದು ಎರಡೂ ಕಡೆ ಇದ್ದಿದ್ದರೆ ನಿಮ್ಮ ವಿಷಯ ಕೇವಲ ಅತಿವೇಗಕ್ಕೆ ಸೀಮಿತ.

ಷರತ್ತುಗಳು ಸರಿಯಿದ್ದಾಗ ಸುಳ್ಳು ಹೇಳುವ ಅಗತ್ಯವೇ ಇರುವುದಿಲ್ಲ ಎಂಬುದನ್ನು ಗಮನಿಸಿ. ಓಡಿಸಿದ್ದು ತಾನೇ ಎಂದು ತಂದೆಯವರು ಹೇಳಿಕೆ ಕೊಟ್ಟರೆ, ಕಾನೂನು ಒಪ್ಪುವಂತೆ ನಡೆದ ಒಂದು ಪ್ರಯಾಣಕ್ಕೆ ಸುಳ್ಳು ಮಾಹಿತಿಯ ಅಪರಾಧವನ್ನು ಅವರೇ ಕೈಯಾರೆ ಸೇರಿಸಿದಂತಾಗುತ್ತದೆ, ಮತ್ತು ಚಿತ್ರದಲ್ಲಿ ಸ್ಟೇರಿಂಗ್ ಹಿಂದೆ ನಿಮ್ಮ ಮುಖ ಕಂಡರೆ ಅದು ಅಲ್ಲೇ ಬಯಲಾಗುತ್ತದೆ. ಮಗಳನ್ನು ಉಳಿಸಬೇಕೆಂಬ ಅವರ ಮನಸ್ಸು ನನಗೆ ಅರ್ಥವಾಗುತ್ತದೆ, ನನಗೂ ಆ ಯೋಚನೆ ಬಂದಿತ್ತು. ಯಾರಾದರೂ ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳಿ, ಎಲ್‌ಎಲ್‌ಆರ್ ಮತ್ತು ತಂದೆಯವರ ಡಿಎಲ್ ತೋರಿಸಿ.

ದಂಡ ಕಟ್ಟಿದರೆ ವಿಷಯ ಪೂರ್ತಿ ಅಳಿಸಿಹೋಗುತ್ತದೆ ಎಂದೂ ತಿಳಿಯಬೇಡಿ. ದಂಡ ಕಟ್ಟಿ ರಾಜಿ ಮಾಡಿಕೊಂಡ ಅಪರಾಧವೂ, ಮುಂದೆ ಅದೇ ತಪ್ಪು ಮಾಡಿದಾಗ 'ಹಿಂದೊಮ್ಮೆ ಮಾಡಿದ್ದು' ಎಂದು ಲೆಕ್ಕಕ್ಕೆ ಬರುತ್ತದೆ ಎಂದು 2019ರ ತಿದ್ದುಪಡಿ 200ನೆಯ ಕಲಮಿಗೆ ಸೇರಿಸಿದೆ. ಅತಿವೇಗದ ಎರಡನೆಯ ಅಪರಾಧಕ್ಕೆ ದಂಡದ ಜೊತೆ ಡಿಎಲ್ ವಶಪಡಿಸಿಕೊಳ್ಳುವ ಅವಕಾಶವೂ ಇದೆ. ಹೊಸ ಡಿಎಲ್ ಕೈಗೆ ಬಂದ ಸಂತೋಷದಲ್ಲಿ ಗೋವೆಯ ಕಡೆಗೆ ಗಾಡಿ ಬಿಡುವ ಮೊದಲು ಇದು ನೆನಪಿನಲ್ಲಿರಲಿ.

ವಿಮೆಯ ಮಾತನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಎಡ ಸೀಟಿನಲ್ಲಿರುವವರ ಬೆಲೆ ಅಲ್ಲಿಯೂ ತಿಳಿಯುತ್ತದೆ. ಎಲ್‌ಎಲ್‌ಆರ್ ಇರುವವರು ಓಡಿಸುವಾಗ ಅಪಘಾತವಾದರೆ, ಅದು ಲೈಸೆನ್ಸೇ ಅಲ್ಲ ಎಂಬ ಕಾರಣ ಕೊಟ್ಟು ವಿಮಾ ಕಂಪನಿ ಮೂರನೆಯ ವ್ಯಕ್ತಿಗೆ, ಎಂದರೆ ಅಪಘಾತದಿಂದ ನಷ್ಟವಾದ ಹೊರಗಿನವರಿಗೆ, ಕೊಡಬೇಕಾದ ಪರಿಹಾರದಿಂದ ನುಣುಚಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಆದರೆ ಕಾರಿನ ಪಾಲಿಸಿಯ ಚಾಲಕರ ಷರತ್ತಿನಲ್ಲಿ, ಕಲಿಯುವವರು ಮೇಲೆ ಹೇಳಿದ 3ನೆಯ ನಿಯಮವನ್ನು ಪಾಲಿಸಿರಬೇಕು ಎಂದು ಬರೆದಿರುತ್ತದೆ. ಒಂಟಿಯಾಗಿ ಓಡಿಸಿ ಕಾರು ಜಖಂ ಮಾಡಿಕೊಂಡರೆ ನಿಮ್ಮ ಸ್ವಂತ ಹಾನಿಯ ಕ್ಲೇಮಿಗೆ ಆ ಸಾಲೇ ಅಡ್ಡ ಬರುತ್ತದೆ.

ಈಗ, ಗೊತ್ತಾಗದೆ ವೇಗ ಹೇಗೆ ಏರುತ್ತದೆ ಎಂಬುದು. ನಮ್ಮ ಕಡೆ ಕಲಿಯುವವರು ಮೊದಲು ಓಡಿಸುವುದು ಊರೊಳಗಿನ ಕಿರಿದಾದ ರಸ್ತೆಗಳಲ್ಲಿ, ಎರಡನೆಯ ಮೂರನೆಯ ಗೇರಿನಲ್ಲಿ. ಅಲ್ಲಿ ಎಂಜಿನ್ನಿನ ಸದ್ದು, ಹೊಂಡದ ಕುಲುಕಾಟ, ಪಕ್ಕದ ಗೋಡೆ, ತೆಂಗಿನ ಮರ ಎಲ್ಲವೂ ವೇಗವನ್ನು ಹೇಳುತ್ತಿರುತ್ತವೆ. 66ನೆಯ ಹೆದ್ದಾರಿಯ ಚತುಷ್ಪಥಕ್ಕೆ ಬಂದ ಕೂಡಲೇ ಇವೆಲ್ಲ ದೂರ ಸರಿಯುತ್ತವೆ. ಐದನೆಯ ಗೇರಿನಲ್ಲಿ ಕಾರು ಸದ್ದಿಲ್ಲದೆ ಸಾಗುತ್ತದೆ, ಹಿಂದಿನಿಂದ ಬರುವ ಲಾರಿಗೆ ಹೆದರಿ ಕಾಲು ತಾನಾಗಿಯೇ ಆಕ್ಸಿಲರೇಟರನ್ನು ಒತ್ತುತ್ತದೆ, ಕಣ್ಣು ಕನ್ನಡಿಯಲ್ಲೋ ರಸ್ತೆಯ ಗೆರೆಯಲ್ಲೋ ಇರುವುದರಿಂದ ಮೀಟರಿನ ಮುಳ್ಳಿನ ಕಡೆ ಹೋಗುವುದೇ ಇಲ್ಲ. ಆದರೆ ಆ ಹೆದ್ದಾರಿ ಊರುಗಳನ್ನು ಸೀಳಿಕೊಂಡು ಹೋಗಿದೆ. ಒಂದು ಬದಿಗೆ ಶಾಲೆ, ಇನ್ನೊಂದು ಬದಿಗೆ ಮನೆ, ನಡುವೆ ಮೀನಿನ ಬುಟ್ಟಿ ಹೊತ್ತು ದಾಟುವ ಹೆಂಗಸರು. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್, 80 ಎಂದರೆ ಸುಮಾರು 22 ಮೀಟರ್. ಎದುರಿಗೆ ಬಂದದ್ದನ್ನು ಕಂಡು ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 25ರ ಬದಲು 33 ಮೀಟರ್ ಸಾಗಿರುತ್ತೀರಿ. ಅಲ್ಲಿಂದ ಮುಂದೆ ಬ್ರೇಕು ತಡೆಯಬೇಕಾದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 60ರಲ್ಲಿ ಇದ್ದುದಕ್ಕಿಂತ ಮುಕ್ಕಾಲು ಪಾಲು ಹೆಚ್ಚಾಗಿರುತ್ತದೆ. ಆಷಾಢದ ಮಳೆಯಲ್ಲಿ ಡಾಂಬರಿನ ಮೇಲೆ ನೀರು ನಿಂತಾಗಿನ ಮಾತು ಬೇರೆಯೇ.

ಅದಾದ ಮೇಲೆ ನಾನು ಅಳಿಯನಿಗೆ ಕಲಿಸುವ ಕ್ರಮವನ್ನು ಬದಲಿಸಿದೆ. ವೇಗದ ಫಲಕ ಕಂಡಾಗಲೆಲ್ಲ ಅದರ ಅಂಕಿಯನ್ನು ಅವನು ಜೋರಾಗಿ ಓದಬೇಕು, ನಂತರ ಮೀಟರನ್ನೂ ಓದಬೇಕು. ನಾನು ಫೋನು ನೋಡುವಂತಿಲ್ಲ. ಎರಡು ವಾರದಲ್ಲಿ ಅವನ ಕಣ್ಣಿಗೆ ಅದು ರೂಢಿಯಾಯಿತು, ಶಿರಸಿಯಲ್ಲಿ ನಿಗದಿಯಾಗಿದ್ದ ದಿನವೇ ಟೆಸ್ಟ್ ಪಾಸಾದ. ಚಲನ್ ಬಗ್ಗೆ ಅಲ್ಲಿ ಯಾರೂ ಕೇಳಲಿಲ್ಲ. ಎಲ್‌ಎಲ್‌ಆರ್ ಪಡೆದು 30 ದಿನ ಕಳೆದಿರಬೇಕು ಎಂಬ ಷರತ್ತನ್ನು ನೀವು ಆಗಲೇ ದಾಟಿದ್ದೀರಿ.

ಕಟ್ಟುವ ಮೊದಲು ನೋಟಿಸನ್ನು ಸರಿಯಾಗಿ ಓದಿ. ಕ್ಯಾಮೆರಾ ಚಲನ್‌ನಲ್ಲಿ ನಂಬರ್ ಪ್ಲೇಟ್ ಕಾಣುವ ಚಿತ್ರ, ಅಳೆದ ವೇಗ, ದಿನಾಂಕ, ಸಮಯ, ಸ್ಥಳ, ಯಾವ ಕಲಂ ಎಂಬುದೆಲ್ಲ ಇರಬೇಕು ಎಂದು 2021ರ ಆಗಸ್ಟ್‌ನಲ್ಲಿ ಬಂದ 167ಎ ನಿಯಮ ಹೇಳುತ್ತದೆ. ಉಪಕರಣಕ್ಕೆ ವರ್ಷವರ್ಷವೂ ನವೀಕರಿಸಿದ ಪ್ರಮಾಣಪತ್ರವಿರಬೇಕು, ಕ್ಯಾಮೆರಾ ಇರುವ ದಾರಿಯ ಮೊದಲೇ ಎಚ್ಚರಿಕೆಯ ಫಲಕವಿರಬೇಕು ಎಂಬುದೂ ಅದರಲ್ಲಿದೆ. ಚಿತ್ರದಲ್ಲಿರುವುದು ಬೇರೆಯವರ ಕಾರಾಗಿದ್ದರೆ ಅಥವಾ ಆ ಹೊತ್ತಿಗೆ ನೀವು ಅಲ್ಲಿ ಇರಲೇ ಇಲ್ಲವಾಗಿದ್ದರೆ ದಂಡ ಕಟ್ಟದೆ ತಕರಾರು ಸಲ್ಲಿಸಿ, ನ್ಯಾಯಾಲಯದಲ್ಲಿ ಹೇಳಿಕೊಳ್ಳುವ ಹಕ್ಕು ನಿಮಗಿದೆ. ನಿಮ್ಮದೇ ಕಾರಾಗಿದ್ದರೆ ತಡಮಾಡದೆ ಕಟ್ಟಿ, ಬಾಕಿ ಉಳಿದ ದಂಡ ಮುಂದೆ ಕಾರು ಮಾರುವಾಗ ಕಾಡುತ್ತದೆ. ಮೊಬೈಲಿಗೆ ಬಂದ ಲಿಂಕನ್ನು ಒತ್ತಿ ಕಟ್ಟಬೇಡಿ. ಪರಿವಾಹನ್ ಇ-ಚಲನ್ ಜಾಲತಾಣವನ್ನು ನೀವೇ ತೆರೆದು ಕಾರಿನ ನಂಬರ್ ಹಾಕಿ ನೋಡಿ. ಚಲನ್ ಹೆಸರಿನಲ್ಲಿ ವಾಟ್ಸಾಪ್‌ಗೆ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಕಳಿಸಿ ಬ್ಯಾಂಕ್ ಖಾತೆ ಬರಿದು ಮಾಡುವವರು ಇದ್ದಾರೆ, ಸರ್ಕಾರ ಎಂದೂ ಹಾಗೆ ಫೈಲ್ ಕಳಿಸುವುದಿಲ್ಲ. ರಸೀದಿಯನ್ನು ಇಳಿಸಿಕೊಂಡು ಆರ್‌ಸಿಯ ಜೊತೆ ಇಡಿ, ಮತ್ತು ಇವತ್ತು ಸಂಜೆಯೇ ಕಾರಿನ ಮುಂದೆ ಎಲ್ ಬೋರ್ಡ್ ಇದೆಯೇ ಎಂದು ಹೋಗಿ ನೋಡಿ.