ಹಳೆಯ ಮಕ್ಕಳ ಫ್ಯಾಂಟಸಿ ಕಾದಂಬರಿಯನ್ನು ಸಿನಿಮಾ ಮಾಡುವಾಗ ಮೂಲಕ್ಕೆ ಎಷ್ಟು ನಿಷ್ಠರಾಗಿರಬೇಕು?

ಎಲ್. ಫ್ರಾಂಕ್ ಬಾಮ್ ಅವರ 'ದಿ ವಂಡರ್‌ಫುಲ್ ವಿಜಾರ್ಡ್ ಆಫ್ ಓಜ್' ಕಾದಂಬರಿಯಿಂದ ಮಕ್ಕಳ ಸಿನಿಮಾ ಮಾಡಲು ಹೊರಟಿರುವ ನೀವು, "ಬರೆದವರು ತೀರಿಕೊಂಡು ನೂರು ವರ್ಷ ದಾಟಿದೆ, ಹಾಗಾಗಿ ಹಕ್ಕಿನ ತಲೆನೋವಿಲ್ಲ" ಎಂದು ಪತ್ರದಲ್ಲಿ ಬರೆದಿದ್ದೀರಿ. ಇದೇ ಮಾತನ್ನು ನಾನು ನಿರ್ಮಾಪಕರೊಬ್ಬರ ಮುಂದೆ ಕೂತು ಹೇಳಿದ್ದೆ. ಪುಸ್ತಕವೂ ಇದೇ. ಮೂಲಕ್ಕೆ ನಿಷ್ಠರಾಗಿರಬೇಕಾ, ಈಗಿನ ಮಕ್ಕಳಿಗೆ ತಕ್ಕ ಹಾಗೆ ಬದಲಾಯಿಸಬೇಕಾ ಎಂಬುದು ನಿಮ್ಮ ಪ್ರಶ್ನೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಅದು ನನಗೆ ಹೊಳೆಯಲೇ ಇಲ್ಲ. ಸಿನಿಮಾ ಕೈತಪ್ಪಿತು.

ನಾನು ಬೆಂಗಳೂರಿನಲ್ಲಿ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುವವನು. ಬೇಸಿಗೆ ರಜೆಯಲ್ಲಿ ಮನೆಮಂದಿಯೆಲ್ಲ ಕೂತು ನೋಡುವ ಒಂದು ಕನ್ನಡ ಸಿನಿಮಾ ಮಾಡಬೇಕು, ಆಮೇಲೆ ಅದು ಓಟಿಟಿಗೆ ಹೋಗಬೇಕು, ಅಮೆರಿಕದಲ್ಲಿರುವ ಕನ್ನಡದ ಮನೆಗಳಲ್ಲೂ ನೋಡಬೇಕು ಎಂಬುದು ಆ ನಿರ್ಮಾಪಕರ ಆಸೆಯಾಗಿತ್ತು. ನಾನು ಲೆಕ್ಕ ಒಪ್ಪಿಸಿದೆ. ಪುಸ್ತಕ ಬಂದದ್ದು 1900ರಲ್ಲಿ. ಬಾಮ್ ತೀರಿಕೊಂಡದ್ದು 1919ರಲ್ಲಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ಹೋದ ಮೇಲೆ 60 ವರ್ಷ ಹಕ್ಕು ಇರುತ್ತದೆ, ಅದು ಯಾವತ್ತೋ ಮುಗಿದಿದೆ. ಅಮೆರಿಕದಲ್ಲಿ 1956ರಲ್ಲೇ ಈ ಪುಸ್ತಕ ಎಲ್ಲರ ಸ್ವತ್ತಾಯಿತು. ಈ ಲೆಕ್ಕದಲ್ಲಿ ಏನೂ ತಪ್ಪಿರಲಿಲ್ಲ.

ಚಿತ್ರಕಥೆ ಸರಸರ ಬಂತು. ಬಯಲುಸೀಮೆಯ ಒಂದು ಒಣ ಊರು. ಚಿಕ್ಕಪ್ಪ ಚಿಕ್ಕಮ್ಮನ ಮನೆಯಲ್ಲಿ ಬೆಳೆಯುವ ಹುಡುಗಿ, ಅವಳ ನಾಯಿ. ಆ ನಾಯಿಯನ್ನು ಹಿಡಿದುಕೊಂಡು ಹೋಗಲು ಬರುವ ಸಾಹುಕಾರರ ಮನೆಯ ಹೆಂಗಸು, ಮುಂದೆ ಅವಳೇ ಹಸಿರು ಮುಖದ ಮಾಟಗಾತಿ. ಹೊಲದಲ್ಲಿ ದುಡಿಯುವ ಮೂವರು ಆಳುಗಳು, ಸುಂಟರಗಾಳಿ ಹುಡುಗಿಯನ್ನು ಹೊತ್ತೊಯ್ಯುವ ಓಜ್ ಎಂಬ ಮಾಯಾಲೋಕದಲ್ಲಿ ಅವರೇ ಬೆದರುಬೊಂಬೆ, ತಗಡಿನ ಮನುಷ್ಯ, ಪುಕ್ಕಲು ಸಿಂಹ. ಹುಡುಗಿಯ ಕಾಲಲ್ಲಿ ಮಿಂಚುವ ಕೆಂಪು ಶೂ. ಕೊನೆಗೆ ಅವಳು ಹಾಸಿಗೆಯಲ್ಲಿ ಕಣ್ಣು ಬಿಡುತ್ತಾಳೆ, ಸುತ್ತ ನಿಂತವರೆಲ್ಲ ಪರಿಚಯದವರು, ಆದದ್ದೆಲ್ಲ ಕನಸು. ಓದಿ ಹೇಳಿದಾಗ ನಿರ್ಮಾಪಕರ ಮನೆಯವರು ಕಣ್ಣೊರೆಸಿಕೊಂಡರು. ಪಾತ್ರಕ್ಕೆ ಒಳ್ಳೆಯ ಹುಡುಗಿಯೂ ಸಿಕ್ಕಳು.

ವಿದೇಶದ ಹಂಚಿಕೆಯ ಕಾಗದಪತ್ರ ನೋಡಲು ಒಬ್ಬ ವಕೀಲೆ ಬಂದರು. ಅವರು ಪುಸ್ತಕವನ್ನೂ ಓದಿಕೊಂಡು ಬಂದಿದ್ದರು. "ಸರ್, ಈ ಕೆಂಪು ಶೂ ಪುಸ್ತಕದಲ್ಲಿ ಎಲ್ಲಿದೆ ತೋರಿಸ್ತೀರಾ?" ಎಂದು ಕೇಳಿದರು. ನನಗೆ ತೋರಿಸಲಾಗಲಿಲ್ಲ. ಪುಸ್ತಕದಲ್ಲಿರುವುದು ಬೆಳ್ಳಿ ಶೂ. 1939ರಲ್ಲಿ ಹಾಲಿವುಡ್‌ನ ಎಂಜಿಎಂ ಸ್ಟುಡಿಯೋ ಇದನ್ನು ಸಿನಿಮಾ ಮಾಡಿದಾಗ, ಟೆಕ್ನಿಕಲರ್ ಎಂಬ ಆಗಿನ ಬಣ್ಣದ ಚಿತ್ರತಂತ್ರದಲ್ಲಿ ಎದ್ದು ಕಾಣಲಿ ಎಂದು ಕೆಂಪು ಮಾಡಿದರು. ಆ ಬದಲಾವಣೆ ಮಾಡಿದವರು ಚಿತ್ರಕಥೆಗಾರ ನೋಯೆಲ್ ಲ್ಯಾಂಗ್ಲಿ.

ಆಮೇಲೆ ಒಂದೊಂದೇ ಹೊರಬಿತ್ತು. ಮೂವರು ಆಳುಗಳು ಪುಸ್ತಕದಲ್ಲಿಲ್ಲ, ಸಿನಿಮಾದವರು ಸೇರಿಸಿದ್ದು. ನಾಯಿಯನ್ನು ಹಿಡಿಯಲು ಬರುವ ಹೆಂಗಸೂ ಸಿನಿಮಾದವಳು. ಮಾಟಗಾತಿಯ ಹಸಿರು ಮೈ ಸಿನಿಮಾದ್ದು, ಪುಸ್ತಕದ ಮಾಟಗಾತಿಗೆ ಇರುವುದು ಒಂದೇ ಕಣ್ಣು. ಒಳ್ಳೆಯ ಮಾಟಗಾತಿ ಅಂತ ನಾನು ಒಬ್ಬಳನ್ನೇ ಬರೆದಿದ್ದೆ, ಪುಸ್ತಕದಲ್ಲಿ ಉತ್ತರಕ್ಕೊಬ್ಬಳು, ದಕ್ಷಿಣಕ್ಕೊಬ್ಬಳು ಇದ್ದಾರೆ. ಗಸಗಸೆ ಹೂವಿನ ಹೊಲದಲ್ಲಿ ನಿದ್ದೆಹೋದವರು ಹಿಮ ಸುರಿದು ಏಳುವುದೂ ಪುಸ್ತಕದಲ್ಲಿಲ್ಲ. ಅಲ್ಲಿ ಬೆದರುಬೊಂಬೆ, ತಗಡಿನ ಮನುಷ್ಯ ಇಬ್ಬರೂ ಸೇರಿ ಹುಡುಗಿಯನ್ನು ಹೊತ್ತು ತರುತ್ತಾರೆ. ಸಿಂಹ ತುಂಬಾ ಭಾರ, ಅದನ್ನು ಎತ್ತಲಾಗುವುದಿಲ್ಲ. ಹೊಲದ ಇಲಿಗಳು ಸಾವಿರಾರು ಸಂಖ್ಯೆಯಲ್ಲಿ ಬಂದು, ಗಾಡಿಗೆ ದಾರ ಕಟ್ಟಿಸಿಕೊಂಡು, ಆ ದೊಡ್ಡ ಸಿಂಹವನ್ನು ಎಳೆದು ಉಳಿಸುತ್ತವೆ. ಮಕ್ಕಳ ಸಿನಿಮಾಕ್ಕೆ ಇದಕ್ಕಿಂತ ಚೆಂದದ ದೃಶ್ಯ ಬೇಕಾ? ನನ್ನ ಚಿತ್ರಕಥೆಯಲ್ಲಿ ಅದರ ಸುಳಿವೂ ಇರಲಿಲ್ಲ.

ದೊಡ್ಡ ಏಟು ಕೊಟ್ಟದ್ದು ಕನಸಿನ ವಿಷಯ. ಪುಸ್ತಕದಲ್ಲಿ ಅದು ಕನಸಲ್ಲ. ಕಥೆಯ ಹುಡುಗಿ ಡೊರೊತಿ ಓಜ್‌ನಿಂದ ಹಿಂತಿರುಗಿದಾಗ ಚಿಕ್ಕಪ್ಪ ಕಟ್ಟಿಸಿದ ಹೊಸ ಮನೆ ಕಾಣುತ್ತದೆ, ಹಳೆಯ ಮನೆ ಗಾಳಿಗೆ ನಿಜವಾಗಿಯೂ ಹಾರಿಹೋಗಿದೆ. 1910ರಲ್ಲಿ ಬಂದ, ಓಜ್ ಸರಣಿಯ ಆರನೆಯ ಪುಸ್ತಕದಲ್ಲಂತೂ, ಸಾಲ ತೀರಿಸಲಾಗದ ಚಿಕ್ಕಪ್ಪ ಚಿಕ್ಕಮ್ಮನೂ ಓಜ್‌ಗೇ ಹೋಗಿ ನೆಲೆಸುತ್ತಾರೆ. ಶೂ ಬಣ್ಣವನ್ನು ಒಂದು ನಿಮಿಷದಲ್ಲಿ ಬದಲಾಯಿಸಬಹುದಿತ್ತು. ಆದರೆ ನನ್ನ ಕಥೆ ನಿಂತಿದ್ದದ್ದೇ ಆಳುಗಳ ಎರಡೆರಡು ಪಾತ್ರಗಳ ಮೇಲೆ, ಕೊನೆಯ ಕನಸಿನ ಮೇಲೆ. ಗೋಡೆಗೆ ಹೊಸ ಬಣ್ಣ ಬಳಿದು ಏನು ಪ್ರಯೋಜನ, ತೊಲೆಯೇ ಪಕ್ಕದ ಮನೆಯದು.

ಈ ತಪ್ಪು ಹೇಗಾಯಿತು ಎಂದು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಸೋಮಾರಿತನಕ್ಕಿಂತ ಇದು ಬೇರೆ. ಪುಸ್ತಕ ನನ್ನ ಮೇಜಿನ ಮೇಲೇ ಇತ್ತು. ತಿರುವಿ ಹಾಕಿಯೂ ಇದ್ದೆ. ಆದರೆ ಚಿಕ್ಕವನಾಗಿದ್ದಾಗ ನೋಡಿದ ಸಿನಿಮಾ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, 'ಬೆಳ್ಳಿ ಶೂ' ಎಂದು ಓದುವಾಗಲೂ ಕಣ್ಣಿಗೆ ಕೆಂಪೇ ಕಂಡಿತ್ತು. ಇಲಿಗಳ ಅಧ್ಯಾಯವನ್ನು 'ಇದು ಮುಖ್ಯ ಕಥೆಯಲ್ಲ' ಎಂದು ದಾಟಿದ್ದೆ. ಯಾವುದು ಮುಖ್ಯ ಕಥೆ ಎಂದು ತೀರ್ಮಾನ ಮಾಡಿದ್ದು ಪುಸ್ತಕವಲ್ಲ, ಆ ಸಿನಿಮಾ. ಇದು ನನ್ನೊಬ್ಬನ ಕಥೆಯೂ ಅಲ್ಲ. ಪುಸ್ತಕದ ಹಕ್ಕು ಮುಗಿದ ಅದೇ 1956ರಲ್ಲಿ ಆ ಸಿನಿಮಾ ಅಮೆರಿಕದ ಟಿವಿಯಲ್ಲಿ ಮೊದಲ ಸಲ ಬಂತು. ಅಲ್ಲಿಂದ ಮುಂದೆ ಜನಕ್ಕೆ ಓಜ್ ಎಂದರೆ ಸಿನಿಮಾದ ಓಜ್.

ಹಕ್ಕಿನ ದೃಷ್ಟಿಯಿಂದ ಇವು ಎರಡು ಬೇರೆ ಬೇರೆ ಕೃತಿಗಳು. ಪುಸ್ತಕ ಎಲ್ಲರದು. ಸಿನಿಮಾಕ್ಕೆ ಅಮೆರಿಕದಲ್ಲಿ 95 ವರ್ಷದ ಹಕ್ಕು ಇದೆ, ಅಂದರೆ 2034ರ ಕೊನೆಯವರೆಗೆ. "ನಮ್ಮಲ್ಲಿ ಸಿನಿಮಾಕ್ಕೂ 60 ವರ್ಷ ಅಷ್ಟೇ, ಯಾಕೆ ಹೆದರ್ತೀರಿ?" ಎಂದು ಒಬ್ಬ ಗೆಳೆಯ ಧೈರ್ಯ ಹೇಳಿದ. ಇಲ್ಲಿನ ಚಿತ್ರಮಂದಿರಕ್ಕೆ ಮಾತ್ರ ಆಗಿದ್ದರೆ ಆ ವಾದ ಮಾಡಬಹುದಿತ್ತೇನೋ. ಅಮೆರಿಕದಲ್ಲಿ ಓಡುವ ಸಿನಿಮಾಕ್ಕೆ ಅಲ್ಲಿನ ಕಾನೂನೇ ಲೆಕ್ಕ. ಅಲ್ಲಿನ ದೊಡ್ಡ ಸ್ಟುಡಿಯೋಗಳೂ ಇದನ್ನು ಎಷ್ಟು ಹುಷಾರಾಗಿ ನೋಡುತ್ತವೆ ಗೊತ್ತಾ? 1985ರಲ್ಲಿ ಡಿಸ್ನಿ 'ರಿಟರ್ನ್ ಟು ಓಜ್' ಮಾಡಿದಾಗ ಕೆಂಪು ಶೂ ಬಳಸಲು ಎಂಜಿಎಂಗೆ ದುಡ್ಡು ಕೊಟ್ಟಿತು. 2013ರ 'ಓಜ್ ದಿ ಗ್ರೇಟ್ ಆ್ಯಂಡ್ ಪವರ್‌ಫುಲ್' ಹೊತ್ತಿಗೆ ಹಳೆಯ ಸಿನಿಮಾದ ಹಕ್ಕು ವಾರ್ನರ್ ಬ್ರದರ್ಸ್ ಬಳಿ ಇತ್ತು. ಆಗ ಡಿಸ್ನಿ ಕೆಂಪು ಶೂ ತಂಟೆಗೇ ಹೋಗಲಿಲ್ಲ, ಮಾಟಗಾತಿಯ ಹಸಿರಿನ ಛಾಯೆಯನ್ನೂ ಬೇರೆ ಮಾಡಿತು. ಓಜ್‌ನದೇ ಕಥೆಯಾದ 2024ರ 'ವಿಕೆಡ್' ನೋಡಿದ್ದರೆ ನೆನಪಿಸಿಕೊಳ್ಳಿ, ಅಲ್ಲಿರುವುದು ಬೆಳ್ಳಿ ಶೂ. ಹಸಿರು ಬಣ್ಣ ಯಾರಪ್ಪನ ಸ್ವತ್ತೂ ಅಲ್ಲ ನಿಜ. "ಒಂದೊಂದೇ ಆಗಿದ್ದರೆ ವಾದಿಸಬಹುದಿತ್ತು, ಎಲ್ಲವೂ ಒಟ್ಟಿಗೆ ಇದ್ದರೆ ಕಷ್ಟ ಸರ್" ಎಂದರು ವಕೀಲೆ. ಅವರ ಮಾತು ಸರಿಯಾಗಿತ್ತು.

ಮೊದಲಿನಿಂದ ಬರೆಯಬೇಕಾಯಿತು. ಮಕ್ಕಳ ಸಿನಿಮಾದಲ್ಲಿ ತಡವಾದರೆ ಬರೀ ದುಡ್ಡು ಹೋಗುವುದಿಲ್ಲ. ಬಾಲನಟರನ್ನು ದಿನಕ್ಕೆ 5 ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ, ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು, ಓದಿಗೆ ತೊಂದರೆಯಾಗಬಾರದು. ಇವೆಲ್ಲ ಸರಿಯಾದ ನಿಯಮಗಳೇ. ಹಾಗಾಗಿ ಶೂಟಿಂಗ್ ಬೇಸಿಗೆ ರಜೆಯಲ್ಲೇ ಆಗಬೇಕು. ಆ ರಜೆ ತಪ್ಪಿತು. ಮುಂದಿನ ರಜೆಗೆ ಆ ಹುಡುಗಿ ಎತ್ತರ ಬೆಳೆದಿದ್ದಳು, ಮುಖದಲ್ಲಿದ್ದ ಮಗುತನ ಹೋಗಿತ್ತು. ನಿರ್ಮಾಪಕರು ಹಣವನ್ನು ಬೇರೆ ಸಿನಿಮಾಕ್ಕೆ ಹಾಕಿದರು. ಅವರ ಮೇಲೆ ನನಗೆ ಬೇಸರವಿಲ್ಲ. ಆ ಹುಡುಗಿಯ ಮನೆಯವರಿಗೆ ಫೋನ್ ಮಾಡಿ ಹೇಳಿದ್ದು ಮಾತ್ರ ಇವತ್ತಿಗೂ ಸಂಕಟ.

ಈಗ ನಿಮ್ಮ ಪ್ರಶ್ನೆ. ನಿಷ್ಠೆ ಬೇಕಾ ಬದಲಾವಣೆ ಬೇಕಾ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬಾಮ್ ಅವರೇ ಮೂಲಕ್ಕೆ ಅಂಟಿಕೊಂಡವರಲ್ಲ. 1902ರಲ್ಲಿ ಶಿಕಾಗೋದಲ್ಲಿ ಈ ಕಥೆ ಸಂಗೀತ ನಾಟಕವಾದಾಗ ಟೋಟೋ ನಾಯಿಯ ಜಾಗಕ್ಕೆ ಇಮೋಜಿನ್ ಎಂಬ ಹಸು ಬಂತು! ಗಸಗಸೆ ಹೊಲದ ಮೇಲೆ ಹಿಮ ಸುರಿಸಿದ್ದೂ ಮೊದಲು ಆ ನಾಟಕವೇ. ನಾಯಿ ಇರಲಿ, ಹಸು ಇರಲಿ. ನೀವು ಬದಲಾಯಿಸುತ್ತಿರುವುದು ಯಾವುದನ್ನು, ಉಳಿಸಿಕೊಳ್ಳುತ್ತಿರುವುದು ಯಾವುದನ್ನು ಎಂಬುದು ನಿಮಗೆ ಗೊತ್ತಿದೆಯಾ? ನಾನು ಕೇಳಿಕೊಳ್ಳದ ಪ್ರಶ್ನೆ ಇದು. ಗೊತ್ತಿದ್ದು ಬದಲಾಯಿಸಿದರೆ ಅದು ನಿಮ್ಮ ಸಿನಿಮಾ.

ಮಾಟಗಾತಿ ಕರಗುವ ದೃಶ್ಯವನ್ನೇ ನೋಡಿ. ಸಿನಿಮಾದಲ್ಲಿ ಅವಳು ಬೆದರುಬೊಂಬೆಗೆ ಬೆಂಕಿ ಹಚ್ಚುತ್ತಾಳೆ. ಡೊರೊತಿ ಅವನನ್ನು ಉಳಿಸಲು ನೀರು ಎರಚುತ್ತಾಳೆ, ಅದು ಆಕಸ್ಮಿಕವಾಗಿ ಮಾಟಗಾತಿಗೂ ಬೀಳುತ್ತದೆ. ಹುಡುಗಿಯ ಮೇಲೆ ಯಾವ ದೋಷವೂ ಬರುವುದಿಲ್ಲ. ಪುಸ್ತಕದಲ್ಲಿ ಬೆಂಕಿಯೇ ಇಲ್ಲ. ಮಾಟಗಾತಿ ಅಡುಗೆಮನೆಯಲ್ಲಿ ಕಣ್ಣಿಗೆ ಕಾಣದ ಕಬ್ಬಿಣದ ಸರಳು ಇಟ್ಟು ಹುಡುಗಿಯನ್ನು ಎಡವಿ ಬೀಳಿಸುತ್ತಾಳೆ. ಜಾರಿಬಿದ್ದ ಒಂದು ಶೂ ಕಿತ್ತುಕೊಂಡು ನಗುತ್ತಾಳೆ. ಡೊರೊತಿಗೆ ಸಿಟ್ಟು ಬರುತ್ತದೆ. ಪಕ್ಕದಲ್ಲಿದ್ದ ಬಕೆಟ್ ಎತ್ತಿ ನೀರನ್ನು ಅವಳ ಮೇಲೆ ಸುರಿಯುತ್ತಾಳೆ. ನನ್ನ ಮಟ್ಟಿಗೆ ಪುಸ್ತಕದ್ದೇ ಮೇಲು. ತನ್ನ ವಸ್ತುವನ್ನು ದೊಡ್ಡವರು ಮೋಸದಿಂದ ಕಿತ್ತುಕೊಂಡಾಗ ಮಗುವಿಗೆ ಬರುವ ಸಿಟ್ಟು ಎಲ್ಲ ಮಕ್ಕಳಿಗೂ ಗೊತ್ತು. ಕೌಟುಂಬಿಕ ಸಿನಿಮಾ ಅಂತ ಹೇಳಿ ಆ ಸಿಟ್ಟನ್ನು ತೆಗೆಯಬೇಡಿ.

ಹಾಗಂತ ಎಲ್ಲ ಉಳಿಸಿ ಎನ್ನುವುದೂ ಇಲ್ಲ. ತಗಡಿನ ಮನುಷ್ಯ ಕೊಡಲಿಯಿಂದ 40 ತೋಳಗಳ ತಲೆ ಕಡಿಯುವ ಭಾಗವನ್ನು ಯೋಚಿಸದೆ ಬಿಟ್ಟುಬಿಡಿ. ಓಜ್‌ನ ಸುಳ್ಳು ಮಾಂತ್ರಿಕನು ಬಲೂನಿನಲ್ಲಿ ಹೋದ ಮೇಲೆ ಡೊರೊತಿ ದಕ್ಷಿಣಕ್ಕೆ ಮಾಡುವ ಉದ್ದದ ಪ್ರಯಾಣವನ್ನೂ ಕತ್ತರಿಸಿ, ಅಷ್ಟರಲ್ಲಿ ಮಕ್ಕಳು ಸೀಟಿನಲ್ಲಿ ಮಿಸುಕಾಡಲು ಶುರು ಮಾಡುತ್ತಾರೆ. ಇದರಲ್ಲಿ ಎಂಜಿಎಂ ಮಾಡಿದ್ದು ಸರಿ. ಆದರೆ ಹಸಿರು ಕನ್ನಡಕವನ್ನು ದಯವಿಟ್ಟು ಬಿಡಬೇಡಿ. ಪುಸ್ತಕದಲ್ಲಿ ಆ ಮಾಂತ್ರಿಕನ ಪಚ್ಚೆಯ ಪಟ್ಟಣಕ್ಕೆ ಕಾಲಿಡುವ ಪ್ರತಿಯೊಬ್ಬರಿಗೂ ಹಸಿರು ಕನ್ನಡಕ ಹಾಕಿ ಬೀಗ ಜಡಿಯುತ್ತಾರೆ. ಊರು ಅಷ್ಟೊಂದು ಹಸಿರಾಗಿ ಕಾಣುವುದೇ ಅದರಿಂದ. ಮಾಂತ್ರಿಕನ ಮೋಸವೆಲ್ಲ ಆ ಒಂದು ಕನ್ನಡಕದಲ್ಲಿದೆ. ಏಳು ವರ್ಷದ ಮಗುವಿಗೂ ತಕ್ಷಣ ಅರ್ಥವಾಗುತ್ತದೆ, ಖರ್ಚೂ ಕಮ್ಮಿ. 1939ರ ಸಿನಿಮಾ ಅದನ್ನು ಬಿಟ್ಟಿದೆ, ಹಾಗಾಗಿ ತೆರೆಯ ಮೇಲೆ ಅದು ಹೊಸದಾಗಿಯೇ ಕಾಣುತ್ತದೆ. ಗ್ರಾಫಿಕ್ಸ್‌ಗೆ ಬಜೆಟ್ ಇಲ್ಲ ಎಂದು ಕೊರಗಿದ್ದೀರಲ್ಲ, ಮೊದಲು ಇಂಥ ದೃಶ್ಯಗಳನ್ನು ಹುಡುಕಿ.

ಕನ್ನಡ ಅನುವಾದ ಇಟ್ಟುಕೊಂಡು ಬರೆಯುತ್ತಿದ್ದೇನೆ ಎಂದಿದ್ದೀರಿ. ಅಲ್ಲಿ ನಿಲ್ಲಿ. ಅನುವಾದಕ್ಕೆ ಅದರದೇ ಹಕ್ಕು ಇರುತ್ತದೆ, ಮೂಲದ ಹಕ್ಕು ಮುಗಿದರೂ ಅನುವಾದಕರದು ಮುಗಿಯದೇ ಇರಬಹುದು. ಹಾಗಿದ್ದರೆ, ಅವರ ಸಾಲು ನಿಮ್ಮ ಸಂಭಾಷಣೆಗೆ ಬಂದರೆ ಅನುಮತಿ ಬೇಕು. ಮೂಲ ಇಂಗ್ಲಿಷ್ ಪಠ್ಯ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಅದನ್ನು ಓದಿ. ಪ್ರತಿ ದೃಶ್ಯದ ಪಕ್ಕದಲ್ಲಿ ಅದು ಪುಸ್ತಕದ ಯಾವ ಅಧ್ಯಾಯದಿಂದ ಬಂತು ಎಂದು ಬರೆದುಕೊಳ್ಳಿ. ಅಧ್ಯಾಯ ಸಿಗದಿದ್ದರೆ, ಅದು ನೀವೇ ಹುಟ್ಟಿಸಿದ್ದಾ, ಎಲ್ಲೋ ನೋಡಿದ್ದಾ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಸಾಧ್ಯವಾದರೆ ಆ ಸಿನಿಮಾ ನೋಡಿರದ ಮಗುವೊಂದಕ್ಕೆ ಪುಸ್ತಕದ ಕಥೆ ಹೇಳಿ, ಅದು ಎಲ್ಲಿ "ಆಮೇಲೆ?" ಎನ್ನುತ್ತದೆ ಗಮನಿಸಿ. ನಾನು ಎರಡನೇ ಸಲ ಬರೆಯುವಾಗ ಅಕ್ಕನ ಮಗನಿಗೆ ಹೇಳಿದ್ದೆ. ಇಲಿಗಳ ಭಾಗವನ್ನು ಅವನು ಮತ್ತೆ ಮತ್ತೆ ಹೇಳಿಸಿಕೊಂಡ.

ವಸ್ತ್ರ ವಿನ್ಯಾಸ ಮಾಡುವವರಿಗೆ ಆ ಸಿನಿಮಾದ ಫೋಟೋಗಳನ್ನು ಕಳಿಸಬೇಡಿ. 1900ರ ಪುಸ್ತಕಕ್ಕೆ ಚಿತ್ರ ಬರೆದವರು ಡಬ್ಲ್ಯು. ಡಬ್ಲ್ಯು. ಡೆನ್ಸ್‌ಲೋ. ಅವರು 1915ರಲ್ಲೇ ತೀರಿಕೊಂಡರು, ಅವರ ಚಿತ್ರಗಳೂ ಈಗ ಎಲ್ಲರ ಸ್ವತ್ತು. ಬೊಂಬೆ, ಸಿಂಹ, ಒಂಟಿಕಣ್ಣಿನ ಮಾಟಗಾತಿ ಎಲ್ಲ ಅಲ್ಲಿದ್ದಾರೆ. ಆ ಚಿತ್ರಗಳನ್ನು ಕಳಿಸಿ.