ಬ್ಯಾಂಕಿನ ಹೆಸರಲ್ಲಿ ಬಂದ ಇಮೇಲ್ ಅಸಲಿಯೋ ನಕಲಿಯೋ, ತಿಳಿಯೋದು ಹೇಗೆ?

"ಇವತ್ತೇ ಕೆವೈಸಿ ಮಾಡಿಸದಿದ್ದರೆ ಖಾತೆ ಬಂದ್" ಅಂತ ಮೇಲ್ ಬಂದಿದೆಯಾ? ಲೋಗೋ ನೋಡಿ ನಂಬಬೇಡಿ, ಅದನ್ನು ಯಾರು ಬೇಕಾದರೂ ಕದ್ದು ಅಂಟಿಸಬಹುದು. ಕಳಿಸಿದವರ ಹೆಸರೂ ಅಷ್ಟೇ. ಹೆಸರಿನ ಮೇಲೆ ಒತ್ತಿ, ಅದರ ಹಿಂದಿರುವ ಇಮೇಲ್ ವಿಳಾಸ ನೋಡಿ.

ಜಾಸ್ತಿ ಸುಳಿವು ಸಿಗುವುದು ಲಿಂಕ್‌ನಲ್ಲಿ. ಕ್ಲಿಕ್ ಮಾಡದೆ ಮೌಸನ್ನು ಅದರ ಮೇಲೆ ತಂದು ನಿಲ್ಲಿಸಿ, ಅದು ಎಲ್ಲಿಗೆ ಹೋಗುತ್ತದೆ ಅಂತ ಕಾಣುತ್ತದೆ. ರಿಸರ್ವ್ ಬ್ಯಾಂಕ್ ಹೇಳಿದಂತೆ ನಮ್ಮ ಬ್ಯಾಂಕುಗಳ ವೆಬ್‌ಸೈಟ್‌ಗಳು 2025ರ ಅಕ್ಟೋಬರ್ 31ರೊಳಗೆ '.ಬ್ಯಾಂಕ್.ಇನ್' ವಿಳಾಸಕ್ಕೆ ಬರಬೇಕಿತ್ತು. ಈ ವಿಳಾಸ ಬ್ಯಾಂಕುಗಳಿಗಷ್ಟೇ ಸಿಗುತ್ತದೆ.

ಆದರೆ ಕಳ್ಳರು ಸುಮ್ನೆ ಕೂರ್ತಾರಾ? 'ಎಸ್‌ಬಿಐ.ಬ್ಯಾಂಕ್.ಇನ್.ಕೆವೈಸಿ-ಅಪ್‌ಡೇಟ್.ಕಾಮ್' ಅಂತ ಮಾಡಬಹುದು. ಮೊದಲ ಒಂಟಿ ಸ್ಲ್ಯಾಶ್‌ (/) ಗಿಂತ ಮುಂಚೆ, ಕೊನೆಯಲ್ಲಿ ಏನಿದೆಯೋ ಅದೇ ಅಸಲಿ ಮಾಲೀಕ. ಇಲ್ಲಿ 'ಕೆವೈಸಿ-ಅಪ್‌ಡೇಟ್.ಕಾಮ್', ಬ್ಯಾಂಕ್ ಅಲ್ಲ. ಬೀಗದ ಚಿತ್ರ ಕಂಡರೂ ನಂಬಬೇಡಿ, ನಕಲಿ ಸೈಟಿಗೂ ಅದು ಸಿಗುತ್ತದೆ.

ತಪ್ಪಿಲ್ಲದ ಭಾಷೆಯೂ ಈಗ ಗ್ಯಾರಂಟಿ ಅಲ್ಲ. ಓಟಿಪಿ, ಪಿನ್ ಕೇಳಿದರಂತೂ ಅದು ಮೋಸವೇ. ಅನುಮಾನ ಇದ್ದರೆ ಕಾರ್ಡ್ ಹಿಂದಿನ ನಂಬರಿಗೆ ಫೋನ್ ಮಾಡಿ, ಮೇಲ್‌ನಲ್ಲಿರುವ ನಂಬರಿಗಲ್ಲ. ದುಡ್ಡು ಹೋಗಿಯೇಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.