ಪಾಪುವಿನ ಹೆಸರಿನಲ್ಲಿ 23 ‘ಬೇಡ’ಗಳು

(ನನ್ನ ಬಳಿಗೆ ಸಲಹೆ ಕೇಳಿ ಬಂದ ಒಂದು ಕುಟುಂಬದ ಕಥೆ ಇದು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ತಾಯಿ ಒಪ್ಪಿಗೆ ಕೊಟ್ಟಿದ್ದಾರೆ. ಮಗುವನ್ನು ಪುಟ್ಟಿ ಎಂದು ಕರೆಯುತ್ತೇನೆ.)

ಅವರು ಒಳಗೆ ಬರುವ ಮೊದಲೇ ರಚ್ಚೆ ಶುರುವಾಗಿತ್ತು. ನನ್ನ ಕೋಣೆಯ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ, ಎರಡು ವರ್ಷ ಎಂಟು ತಿಂಗಳ ಹುಡುಗಿಯೊಬ್ಬಳು ನೆಲದ ಮೇಲೆ ಕುಳಿತು ತನ್ನ ಚಪ್ಪಲಿಯ ಪಟ್ಟಿಯನ್ನು ತಾನೇ ಬಿಚ್ಚಲು ಹೆಣಗುತ್ತಿದ್ದಳು. ನಾಲಿಗೆಯ ತುದಿ ಹೊರಗೆ ಬಂದಿತ್ತು, ಅಷ್ಟು ಶ್ರದ್ಧೆ. ಏಳು ತಿಂಗಳ ಬಸುರಿ ತಾಯಿ ಹೊತ್ತಾಯಿತೆಂದು ಕಷ್ಟಪಟ್ಟು ಬಗ್ಗಿ, ಒಂದೇ ಎಳೆತಕ್ಕೆ ಪಟ್ಟಿ ಬಿಚ್ಚಿಬಿಟ್ಟರು. ಮಗು ಹಿಂದಕ್ಕೆ ಬಿದ್ದು ಹೊರಳಾಡಿತು. ಅದಕ್ಕೆ ಬೇಕಾದದ್ದು ಒಂದೇ: ಚಪ್ಪಲಿಯನ್ನು ಮತ್ತೆ ಹಾಕಬೇಕು, ಪಟ್ಟಿಯನ್ನು ಮತ್ತೆ ಬಿಗಿಯಬೇಕು, ಆಮೇಲೆ ತಾನೇ ಬಿಚ್ಚಬೇಕು.

“ನನಗೆ ಮತ್ತೆ ಬಗ್ಗಲು ಆಗುವುದಿಲ್ಲ ಪುಟ್ಟಿ. ಪಾಪುವಿಗೆ ನೋವಾಗುತ್ತದೆ” ಎಂದರು ತಾಯಿ.

‘ಪಾಪು’ ಎಂಬ ಮಾತು ಬಿದ್ದ ಕೂಡಲೇ ಅಳುವಿನ ದನಿ ಬದಲಾಯಿತು. ಅಲ್ಲಿಯವರೆಗೆ ಸಿಟ್ಟು ಇತ್ತು, ಈಗ ಚೀರಾಟ. ಎದ್ದು ಬಂದು ತಾಯಿಯ ಹೊಟ್ಟೆಗೆ ಕೈ ಬೀಸಿದಳು. ತಾಯಿ ಎರಡೂ ಕೈಗಳಿಂದ ಹೊಟ್ಟೆಯನ್ನು ಮುಚ್ಚಿಕೊಂಡು ನನ್ನನ್ನು ನೋಡಿದರು. “ನೋಡಿದಿರಾ? ಹುಟ್ಟುವ ಮೊದಲೇ ಇಷ್ಟು ಹೊಟ್ಟೆಕಿಚ್ಚು” ಎಂದರು. ಅವರ ಕಣ್ಣು ತುಂಬಿತ್ತು.

ಅವರನ್ನು ನನ್ನ ಬಳಿಗೆ ಕಳುಹಿಸಿದ್ದು ಮಕ್ಕಳ ವೈದ್ಯರು. ಹಿಂದಿನ ವಾರ ಪುಟ್ಟಿ ಅಳುತ್ತಾ ಅಳುತ್ತಾ ಉಸಿರು ಕಟ್ಟಿ, ತುಟಿ ನೀಲಿಯಾಗಿ, ಒಂದು ಕ್ಷಣ ಸೆಟೆದುಕೊಂಡಿದ್ದಳು. ಅಜ್ಜಿ ದೃಷ್ಟಿ ತೆಗೆದರು. ಅದರಿಂದ ಕೆಡುಕೇನೂ ಇಲ್ಲ, ಏಕೆಂದರೆ ಅಂದು ಸಂಜೆಯೇ ವೈದ್ಯರಿಗೂ ತೋರಿಸಿದರು. ಅಳುವಾಗ ಹೀಗೆ ಉಸಿರು ಕಟ್ಟುವುದು ಆರು ತಿಂಗಳಿನಿಂದ ಆರು ವರ್ಷದವರೆಗಿನ ಕೆಲವು ಮಕ್ಕಳಲ್ಲಿ ಕಾಣಿಸುತ್ತದೆ. ನೋಡಿದವರ ಜೀವ ಹೋದಂತಾದರೂ ಮಗು ತಾನಾಗಿಯೇ ಉಸಿರು ಎಳೆದುಕೊಳ್ಳುತ್ತದೆ. ಆದರೆ ಮೊದಲ ಸಲ ಹೀಗಾದಾಗ ವೈದ್ಯರು ನೋಡಲೇಬೇಕು, ಏಕೆಂದರೆ ಇದರ ಹಿಂದೆ ಅನೇಕ ಸಲ ಕಬ್ಬಿಣಾಂಶದ ಕೊರತೆ ಇರುತ್ತದೆ. ಪುಟ್ಟಿಯ ಹಿಮೋಗ್ಲೋಬಿನ್ 9.2 ಇತ್ತು, ಆ ವಯಸ್ಸಿಗೆ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎಂದು ಲೆಕ್ಕ. ಊಟ ಮಾಡುವುದಿಲ್ಲವೆಂದು ದಿನಕ್ಕೆ ಐದು ಬಾಟಲಿ ಹಾಲು ಕುಡಿಸುತ್ತಿದ್ದರು, ಹತ್ತಿರ ಹತ್ತಿರ ಒಂದು ಲೀಟರ್. ಹಾಲಿನಲ್ಲಿ ಕಬ್ಬಿಣಾಂಶ ತೀರಾ ಕಡಿಮೆ, ಹೊಟ್ಟೆ ಮಾತ್ರ ತುಂಬುತ್ತದೆ. ವೈದ್ಯರು ಕಬ್ಬಿಣಾಂಶದ ಸಿರಪ್ ಬರೆದು, ಹಾಲನ್ನು ಅರ್ಧ ಲೀಟರಿಗೆ ಇಳಿಸಿ, ಬಾಟಲಿಯ ಬದಲು ಲೋಟದಲ್ಲಿ ಕೊಡಲು ಹೇಳಿದ್ದರು. ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ರಕ್ತ ಕಡಿಮೆಯಿರುವ ಮಗು ಕಿರಿಕಿರಿ ಮಾಡುತ್ತದೆ, ಸರಿಯಾಗಿ ಮಲಗುವುದಿಲ್ಲ. ಅದನ್ನೂ ನಾವು ಹಟದ ಲೆಕ್ಕಕ್ಕೇ ಬರೆದುಬಿಡುತ್ತೇವೆ.

ಉಳಿದ ದೂರುಗಳು ನನಗೆ ಹೊಸವಲ್ಲ. ಯಾವುದಕ್ಕೂ ಮೊದಲ ಉತ್ತರ ‘ಬೇಡ’. ಬಾಳೆಹಣ್ಣಿನ ಸಿಪ್ಪೆಯನ್ನು ಬೇರೆಯವರು ಸುಲಿದರೆ ಮತ್ತೆ ಅಂಟಿಸಿಕೊಡಬೇಕು. ರಾತ್ರಿ ಅಮ್ಮನ ಕಿವಿ ಹಿಡಿದುಕೊಂಡೇ ಮಲಗಬೇಕು, ಅಪ್ಪ ಹತ್ತಿರ ಬಂದರೆ ಒದೆಯುತ್ತಾಳೆ. ಒಂದು ದಿನ ಅಪ್ಪ ಹೊಡೆದೂಬಿಟ್ಟರು, ಆಮೇಲೆ ಬಚ್ಚಲಿನಲ್ಲಿ ನಿಂತು ತಾವೇ ಅತ್ತರು. ಅಜ್ಜಿಯ ಗಾದೆ ಒಂದೇ: “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?”

ಈ ವಯಸ್ಸಿನಲ್ಲಿ ‘ನಾನೇ’ ಎಂಬುದು ಮಗುವಿನ ದೊಡ್ಡ ಸಂಪಾದನೆ. ತನಗೊಂದು ಇಚ್ಛೆ ಇದೆ ಎಂದು ಅದಕ್ಕೆ ಗೊತ್ತಾಗಿ ಕೆಲವೇ ತಿಂಗಳಾಗಿರುತ್ತದೆ, ಆ ಇಚ್ಛೆಯನ್ನು ತಡೆದು ನಿಲ್ಲಿಸುವ ಮೆದುಳಿನ ಭಾಗ ಬೆಳೆಯಲು ಇನ್ನೂ ಎಷ್ಟೋ ವರ್ಷ ಬೇಕು. ಅದಕ್ಕೇ ಒಂದರಿಂದ ಮೂರು ವರ್ಷದ ನಡುವೆ ರಚ್ಚೆ ಇಷ್ಟು ಹೆಚ್ಚು. ಪುಟ್ಟಿಯಲ್ಲಿ ನನಗೆ ದೋಷ ಕಾಣಲಿಲ್ಲ. ಅವಳದು ಗಟ್ಟಿ ಸ್ವಭಾವ, ಅಷ್ಟೇ. ನನ್ನನ್ನು ಕಾಡಿದ್ದು ಚಪ್ಪಲಿಯ ಬಳಿ ಕೇಳಿದ ಆ ಒಂದು ಮಾತು.

ಮೊದಲ ಭೇಟಿಯಲ್ಲಿ ನಾನು ಹೆಚ್ಚು ಸಲಹೆ ಕೊಡಲಿಲ್ಲ. ಒಂದು ಕೆಲಸ ಕೊಟ್ಟೆ. “ನಾಳೆ ಬೆಳಿಗ್ಗೆಯಿಂದ ಮಲಗುವವರೆಗೆ, ಪಾಪುವಿನ ಹೆಸರು ಹೇಳಿ ಪುಟ್ಟಿಗೆ ಎಷ್ಟು ಸಲ ಬೇಡ ಎನ್ನುತ್ತೀರಿ ಎಂದು ಗೆರೆ ಎಳೆಯಿರಿ. ಮನೆಯಲ್ಲಿ ಯಾರು ಹೇಳಿದರೂ ಗೆರೆ.”

ಅವರು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ತಂದರು. 23 ಗೆರೆಗಳು. ಎತ್ತಿಕೊಳ್ಳಲು ಆಗುವುದಿಲ್ಲ, ಪಾಪು ಇದೆ. ಮೇಲೆ ಹತ್ತಬೇಡ, ಪಾಪುವಿಗೆ ಪೆಟ್ಟಾಗುತ್ತದೆ. ಕೂಗಬೇಡ, ಪಾಪು ಹೆದರುತ್ತದೆ. ಬಾಟಲಿ ಬಿಡು, ಅದು ಪಾಪುವಿಗೆ. ಪಕ್ಕದ ಮನೆಯವರು ನಗುತ್ತಾ ಹೇಳಿದ ಮಾತೊಂದಿತ್ತು: “ಪಾಪು ಬಂದ ಮೇಲೆ ನಿನ್ನನ್ನು ಯಾರು ಮುದ್ದು ಮಾಡುತ್ತಾರೆ?” ಅದಕ್ಕೆ ತಾಯಿ ಎರಡು ಗೆರೆ ಎಳೆದಿದ್ದರು.

ಇನ್ನೂ ಕಣ್ಣಿಗೆ ಕಾಣದ ಒಬ್ಬರು ತನ್ನಿಂದ ಸೊಂಟ, ಮಡಿಲು, ಬಾಟಲಿ, ಗದ್ದಲ ಎಲ್ಲವನ್ನೂ ಕಿತ್ತುಕೊಳ್ಳುತ್ತಿದ್ದರೆ ಯಾವ ಮಗು ಪ್ರೀತಿಯಿಂದ ಕಾಯುತ್ತದೆ? ಪುಟ್ಟಿಗೆ ತಮ್ಮನ ಮೇಲೋ ತಂಗಿಯ ಮೇಲೋ ಹೊಟ್ಟೆಕಿಚ್ಚು ಬಂದಿರಲಿಲ್ಲ. ಮನೆಯ ಎಲ್ಲ ‘ಬೇಡ’ಗಳನ್ನೂ ನಾವೇ ಆ ಹುಟ್ಟದ ಕೂಸಿನ ತಲೆಗೆ ಕಟ್ಟಿದ್ದೆವು. ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಯಬಾರದು ಎನ್ನುವ ನಾವು, ಅದು ಹುಟ್ಟುವ ಮೊದಲೇ ಅದಕ್ಕೊಬ್ಬ ವೈರಿಯನ್ನು ತಯಾರು ಮಾಡುತ್ತೇವೆ. ಇದನ್ನು ನಾನು ತಾಯಿಗೆ ಇಷ್ಟೇ ನೇರವಾಗಿ ಹೇಳಿದೆ. ಅವರು ಬಹಳ ಹೊತ್ತು ಕ್ಯಾಲೆಂಡರನ್ನೇ ನೋಡುತ್ತಿದ್ದರು.

ನನ್ನ ಮೊದಲ ಸಲಹೆ ಇದು: ಬೇಡ ಎನ್ನಿ, ಆದರೆ ನಿಮ್ಮದೇ ಹೆಸರಿನಲ್ಲಿ ಎನ್ನಿ. “ನನಗೆ ಬೆನ್ನು ನೋಯುತ್ತಿದೆ. ನಾನು ಕುಳಿತುಕೊಳ್ಳುತ್ತೇನೆ, ನೀನೇ ಮಡಿಲಿಗೆ ಹತ್ತಿ ಬಾ.” ಎತ್ತುವುದನ್ನು ಅವರು ನಾಲ್ಕು ತಿಂಗಳ ಹಿಂದೆ, ಬಸುರಿ ಭಾರ ಎತ್ತಬಾರದೆಂದು, ಒಂದೇ ದಿನದಲ್ಲಿ ನಿಲ್ಲಿಸಿಬಿಟ್ಟಿದ್ದರು. ಹೆರಿಗೆ ವೈದ್ಯರನ್ನು ಕೇಳಿ ಬರಲು ಹೇಳಿದೆ. ರಕ್ತಸ್ರಾವವಿಲ್ಲ, ಮಾಸು ಕೆಳಗಿಲ್ಲ, ಆಗೊಮ್ಮೆ ಈಗೊಮ್ಮೆ ಎತ್ತಿದರೆ ತೊಂದರೆಯಿಲ್ಲ ಎಂದರಂತೆ. ಎಲ್ಲ ಬಸುರಿಯರಿಗೂ ಈ ಮಾತು ಅನ್ವಯಿಸುವುದಿಲ್ಲ, ಕೇಳಿಯೇ ತೀರ್ಮಾನಿಸಬೇಕು.

ಹೊಟ್ಟೆಗೆ ಒದೆಯಲು ಬಂದರೆ ಕಾಲನ್ನು ಮೆತ್ತಗೆ ಹಿಡಿದು, ಮೈ ಓರೆ ಮಾಡಿ, “ಒದೆಯಲು ಬಿಡುವುದಿಲ್ಲ” ಎಂಬ ಎರಡು ಮಾತು ಸಾಕು. ಹೊಟ್ಟೆಗೆ ಜೋರಾಗಿ ಪೆಟ್ಟು ಬಿದ್ದರೆ, ಅಥವಾ ಸಣ್ಣ ಪೆಟ್ಟಾದರೂ ಆಮೇಲೆ ನೋವು, ರಕ್ತ ಅಥವಾ ಮಗುವಿನ ಮಿಸುಕಾಟ ಕಡಿಮೆ ಅನ್ನಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರಚ್ಚೆ ಹಿಡಿದಾಗ ಹತ್ತಿರ ಕುಳಿತಿರಿ, ಉಪದೇಶ ಬೇಡ, ಮೊಬೈಲ್ ಕೈಗೆ ಕೊಟ್ಟು ಸುಮ್ಮನಾಗಿಸುವುದಂತೂ ಬೇಡ. ಮುಗಿದ ಮೇಲೆ ನೀರು ಕೊಟ್ಟು ಮುಖ ಒರೆಸಿ. ರಸ್ತೆ, ಒಲೆ, ಹೊಡೆಯುವುದು, ಈ ಮೂರರಲ್ಲಿ ಮಾತ್ರ ನಿಮ್ಮ ಮಾತೇ ನಡೆಯಲಿ. ಚಪ್ಪಲಿ, ಬಾಳೆಹಣ್ಣು, ಅಂಗಿಯ ಬಣ್ಣ ಅವಳಿಗೇ ಇರಲಿ. ಚಪ್ಪಲಿಗೆಂದು ಹತ್ತು ನಿಮಿಷ ಮೊದಲೇ ಹೊರಡಲು ಹೇಳಿದೆ. ನಾನು ಗಡಿಯಾರ ನೋಡಿದ್ದೆ: ಎರಡನೆಯ ಭೇಟಿಯ ದಿನ ಅವಳು ಎರಡೂ ಪಟ್ಟಿ ಬಿಚ್ಚಲು ತೆಗೆದುಕೊಂಡದ್ದು ನಾಲ್ಕು ನಿಮಿಷ.

ಮೂರನೆಯ ಭೇಟಿಗೆ ಅಜ್ಜಿಯನ್ನೂ ಅಪ್ಪನನ್ನೂ ಕರೆಸಿದೆ. ಆ ದಿನ ಕಷ್ಟದ ಎರಡು ವಿಷಯಗಳನ್ನು ಮಾತನಾಡಬೇಕಿತ್ತು.

ಒಂದು, ಬಂದವರೆಲ್ಲ ಪುಟ್ಟಿಯನ್ನು ಕೇಳುತ್ತಿದ್ದ ಪ್ರಶ್ನೆ: “ಅಮ್ಮನ ಹೊಟ್ಟೆಯಲ್ಲಿರುವುದು ತಮ್ಮನೋ ತಂಗಿಯೋ?” ಚಿಕ್ಕ ಮಕ್ಕಳ ಬಾಯಲ್ಲಿ ಬಂದದ್ದು ನಿಜವಾಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಪುಟ್ಟಿ ‘ತಂಗಿ’ ಎಂದಾಗಲೆಲ್ಲ ಕೇಳಿದವರ ಮುಖ ಸಣ್ಣದಾಗುತ್ತಿತ್ತು, “ತಮ್ಮ ಅನ್ನು ಕಂದ” ಎಂದು ತಿದ್ದುತ್ತಿದ್ದರು. ಅವಳೂ ಒಂದು ತಂಗಿಯಂಥವಳೇ, ಹೆಣ್ಣು. ಅದನ್ನು ಅವಳು ಎಷ್ಟು ಅರ್ಥಮಾಡಿಕೊಂಡಳೋ ಹೇಳಲಾರೆ, ಆದರೆ ತನ್ನ ಉತ್ತರಕ್ಕೆ ದೊಡ್ಡವರು ಮುಖ ತಿರುಗಿಸುವುದು ಅವಳಿಗೆ ಕಾಣುತ್ತಿತ್ತು. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಪತ್ತೆ ಮಾಡುವುದನ್ನು 1994ರ ಕಾಯಿದೆ ನಿಷೇಧಿಸಿದೆ. ಕಾಯಿದೆ ಸ್ಕ್ಯಾನಿಂಗ್ ಕೋಣೆಯನ್ನು ಮಾತ್ರ ತಡೆಯಬಲ್ಲದು. ಜಗಲಿಯ ಪ್ರಶ್ನೆಯನ್ನು ತಡೆಯಬೇಕಾದವರು ಮನೆಯವರೇ. ಅಪ್ಪ ಅಂದೇ ಬಂಧುಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಆ ಪ್ರಶ್ನೆಯನ್ನು ಮಗಳಿಗೆ ಯಾರೂ ಕೇಳಬಾರದೆಂದು ಬರೆದರು. ಇಬ್ಬರು ಬೇಸರ ಮಾಡಿಕೊಂಡರಂತೆ. ಮಾಡಿಕೊಳ್ಳಲಿ.

ಎರಡನೆಯದು ಬಾಣಂತನ. ತಾಯಿ ತವರಿಗೆ ಹೋಗುವುದು, ಮೂರು ತಿಂಗಳು ಅಲ್ಲೇ ಇರುವುದು, ಪುಟ್ಟಿಯನ್ನು ಅಜ್ಜಿ ಇಲ್ಲೇ ನೋಡಿಕೊಳ್ಳುವುದು ಎಂದು ನಿಶ್ಚಯವಾಗಿತ್ತು. ಎರಡನ್ನೂ ಸಂಭಾಳಿಸಿದರೆ ಬಾಣಂತಿಯ ಮೈ ಸೋಲುತ್ತದೆ ಎಂಬ ಕಾಳಜಿ ಅದು, ಸುಳ್ಳಲ್ಲ. ಆದರೂ ನಾನು ಬೇಡವೆಂದೆ. ಎರಡೂವರೆ ವರ್ಷದ ಮಗುವಿಗೆ ಮೂರು ತಿಂಗಳೆಂದರೆ ಎಷ್ಟೆಂದು ಗೊತ್ತಾಗುವುದಿಲ್ಲ. ಅಮ್ಮ ಹೋದಳು, ಬೇರೆ ಮಗುವನ್ನು ತಂದಳು ಎಂಬುದಷ್ಟೇ ಉಳಿಯುತ್ತದೆ.

ಅಜ್ಜಿ ವಾದ ಮಾಡುತ್ತಾರೆಂದುಕೊಂಡಿದ್ದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕುಳಿತಿದ್ದರು. ಆಮೇಲೆ ಹೇಳಿದರು: “ನನ್ನ ತಂಗಿ ಹುಟ್ಟಿದಾಗ ನನ್ನನ್ನು ಅಜ್ಜಿಯ ಮನೆಯಲ್ಲಿ ಬಿಟ್ಟಿದ್ದರು. ಮೂರು ತಿಂಗಳು ಎಂದವರು ನಾಲ್ಕು ವರ್ಷ ಬಿಟ್ಟರು. ಅಲ್ಲಿ ಮಾವಂದಿರೆಲ್ಲ ನನ್ನ ತಾಯಿಯನ್ನು ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕಲಿತೆ. ಸಾಯುವವರೆಗೂ ಅವಳನ್ನು ಅಕ್ಕ ಎಂದೇ ಕರೆದೆ. ಅಮ್ಮ ಅನ್ನಲು ಬಾಯಿ ಬರಲೇ ಇಲ್ಲ.”

ಸೊಸೆ ಅವರ ಮೊಣಕೈ ಹಿಡಿದುಕೊಂಡರು. ಯಾರು ಎಲ್ಲಿಗೆ ಹೋಗಬೇಕೆಂಬುದು ಆಮೇಲೆ ಬೇಗ ತೀರ್ಮಾನವಾಯಿತು: ತವರಿನ ತಾಯಿಯೇ ಇಲ್ಲಿಗೆ ಬಂದು ಬಾಣಂತನ ಮಾಡುವುದು, ಅಡುಗೆ ಅಜ್ಜಿಯದು.

ಅಪ್ಪನಿಗೆ ಕೊಟ್ಟ ಕೆಲಸ ರಾತ್ರಿಯದು. ಹೆರಿಗೆಯ ರಾತ್ರಿ ಪುಟ್ಟಿ ಹೇಗಿದ್ದರೂ ಅಪ್ಪನ ಪಕ್ಕದಲ್ಲೇ ಮಲಗಬೇಕು. ಅದನ್ನು ಅಂದೇ ಕಲಿಸಲು ಹೋದರೆ ಮತ್ತೊಂದು ‘ಬೇಡ’ ಪಾಪುವಿನ ಲೆಕ್ಕಕ್ಕೆ ಸೇರುತ್ತದೆ. ಅದಕ್ಕೇ ಎರಡು ತಿಂಗಳ ಮೊದಲೇ, ಅಮ್ಮ ಅದೇ ಕೋಣೆಯಲ್ಲಿರುವಾಗಲೇ, ಅಪ್ಪ ಮಲಗಿಸಲು ಶುರುಮಾಡಲಿ ಎಂದೆ. ಒಂಬತ್ತು ರಾತ್ರಿ ಅತ್ತಳು. ಹತ್ತನೆಯ ರಾತ್ರಿ ಅಪ್ಪನ ಕಿವಿ ಹಿಡಿದಳು. ಶೌಚದ ಅಭ್ಯಾಸ, ಅಂಗನವಾಡಿಗೆ ಸೇರಿಸುವುದು ಇವನ್ನೆಲ್ಲ ಹೆರಿಗೆಯಾದ ಮೇಲೆ ಕೆಲವು ತಿಂಗಳು ಬಿಟ್ಟು ನೋಡಿಕೊಳ್ಳಲು ಹೇಳಿದೆ. ಪಾಪು ಯಾವಾಗ ಬರುತ್ತದೆಂದು ಪುಟ್ಟಿ ಕೇಳಿದರೆ, ದೀಪಾವಳಿಯ ಪಟಾಕಿ ಮುಗಿದ ಮೇಲೆ ಎನ್ನಿ. ‘ನಿನ್ನೊಡನೆ ಆಡಲು ಬರುತ್ತದೆ’ ಎನ್ನಬೇಡಿ, ಎಳೆಗೂಸು ಆಡುವುದಿಲ್ಲ. ಅಳುತ್ತದೆ, ಮಲಗುತ್ತದೆ, ಹಾಲು ಕುಡಿಯುತ್ತದೆ ಎಂದು ಇದ್ದುದನ್ನೇ ಹೇಳಿ. ಗೊಂಬೆಯೊಂದನ್ನು ಕೊಟ್ಟು ಪಾಪುವಿನ ಆರೈಕೆ ಆಡಿಸಿ ಎಂದೂ ಹೇಳಿದ್ದೆ. ಅದು ನಡೆಯಲಿಲ್ಲ. ಪುಟ್ಟಿ ಗೊಂಬೆಯನ್ನು ನೀರಿನ ಬಕೆಟ್ಟಿಗೆ ಹಾಕಿ ಮುಚ್ಚಳ ಮುಚ್ಚಿದಳು. ಒತ್ತಾಯಿಸಬೇಡಿ, ಎತ್ತಿಡಿ ಎಂದೆ.

ತಾಯಿಯ ವಿಷಯ ಹೇಳಲೇಬೇಕು. ಎರಡನೆಯ ಭೇಟಿಯಲ್ಲಿ ಅವರೊಬ್ಬರನ್ನೇ ಕೂರಿಸಿಕೊಂಡು ಬಸುರಿ-ಬಾಣಂತಿಯರಲ್ಲಿ ಖಿನ್ನತೆಯ ಸುಳಿವು ಹುಡುಕುವ ಎಡಿನ್‌ಬರೋ ಪ್ರಶ್ನಾವಳಿಯ 10 ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿದ್ದೆ. ಒಟ್ಟು 30ರಲ್ಲಿ 11 ಬಂತು. ಖಿನ್ನತೆ ಎಂದು ಹೇಳುವಷ್ಟಲ್ಲ, ಸುಮ್ಮನೆ ಬಿಡುವಷ್ಟೂ ಅಲ್ಲ. “ಇವಳ ಮೇಲಿನ ಪ್ರೀತಿ ಕಡಿಮೆಯಾಗುತ್ತದೆಯೋ ಎಂದು ರಾತ್ರಿ ಹೆದರಿಕೆಯಾಗುತ್ತದೆ” ಎಂದರು. ಮಧ್ಯಾಹ್ನ ಅಜ್ಜಿ ಪುಟ್ಟಿಯನ್ನು ನೋಡಿಕೊಳ್ಳುವಾಗ ಒಂದು ಗಂಟೆ ಬಾಗಿಲು ಮುಚ್ಚಿ ಮಲಗುವುದನ್ನು ಔಷಧಿಯಂತೆ ಬರೆದುಕೊಟ್ಟೆ. ಹೊತ್ತಲ್ಲದ ಹೊತ್ತಿನಲ್ಲಿ ಮನಸ್ಸು ತೀರಾ ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಕರೆ ಮಾಡಲು ಹೇಳಿದೆ. ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಹೆರಿಗೆಯಾದ ಮೇಲೆ ಮತ್ತೆ ಕೇಳಿದಾಗ 6 ಬಂತು.

ಹೆರಿಗೆ ಸುಸೂತ್ರವಾಯಿತು. ಹುಟ್ಟಿದ್ದು ಗಂಡೋ ಹೆಣ್ಣೋ ಎಂದು ಇಲ್ಲಿ ಬರೆಯುವುದಿಲ್ಲ. ಪುಟ್ಟಿ ಆಸ್ಪತ್ರೆಗೆ ಬಂದಾಗ ಕೂಸು ತೊಟ್ಟಿಲಿನಲ್ಲಿರಲಿ, ಅಮ್ಮನ ಎರಡೂ ಕೈ ಖಾಲಿಯಿರಲಿ ಎಂದು ಹೇಳಿದ್ದೆ, ಹಾಗೇ ಮಾಡಿದ್ದರು. ಮೂರನೆಯ ವಾರದಲ್ಲಿ ಪುಟ್ಟಿ ಕೂಸಿನ ತೊಡೆಯನ್ನು ಚಿವುಟಿದಳು, ಮತ್ತೆ ಬಾಟಲಿ ಕೇಳಿದಳು. ದೊಡ್ಡವರಿಲ್ಲದೆ ಇಬ್ಬರನ್ನೇ ಬಿಡಬಾರದು ಎಂಬುದನ್ನು ಮತ್ತೆ ನೆನಪಿಸಿದೆ. ಬಾಟಲಿ ಕೊಡಲಿಲ್ಲ, ಗದರಲೂ ಇಲ್ಲ. ಮಡಿಲಿನಲ್ಲಿ ಕೂರಿಸಿಕೊಂಡು ಲೋಟದಲ್ಲಿ ಹಾಲು ಕೊಟ್ಟರಂತೆ.

ಕೂಸಿಗೆ ಐದು ವಾರವಾದಾಗ ತಾಯಿ ಫೋನ್ ಮಾಡಿದರು. ಹೆರಿಗೆಗೆ ಮೊದಲು ನಾನು ಹೇಳಿದ ಒಂದು ಮಾತನ್ನು ಅಂದು ಬೆಳಿಗ್ಗೆ ಮೊದಲ ಸಲ ಮಾಡಿ ನೋಡಿದ್ದರು. ಪುಟ್ಟಿಗೆ ಜಡೆ ಹಾಕುವಾಗ ಕೂಸು ಕೊಂಯ್ ಎಂದಿತು. ತಾಯಿ ಏಳಲಿಲ್ಲ. ತೊಟ್ಟಿಲಿನ ಕಡೆ ತಿರುಗಿ, ಪುಟ್ಟಿಗೆ ಕೇಳುವಷ್ಟು ಜೋರಾಗಿ ಹೇಳಿದರು: “ಸ್ವಲ್ಪ ಇರು ಪಾಪು. ಈಗ ಅಕ್ಕನಿಗೆ ಜಡೆ ಹಾಕುತ್ತಿದ್ದೇನೆ.”

ಪುಟ್ಟಿ ತಲೆಯನ್ನು ಅಲುಗಾಡಿಸದೆ ಕುಳಿತಳಂತೆ. ಎರಡನೆಯ ಜಡೆಗೆ ರಿಬ್ಬನ್ ಕಟ್ಟಿದ ಮೇಲೆ ತಾನೇ ಎದ್ದು ಹೋಗಿ, ತೊಟ್ಟಿಲಿನ ಹಗ್ಗ ಹಿಡಿದು ಹೇಳಿದಳಂತೆ, “ಆಯಿತು ಪಾಪು, ಈಗ ಅಮ್ಮ ಬರುತ್ತಾಳೆ.”